ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ

ರಕ್ತದ ಸ್ಯಾಂಪಲ್ ಕೆಡಬಾರದು ಅಂದರೆ ಫ್ರಿಜ್‌ನಲ್ಲಿ ಇಡಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಲಸಿಕೆ ಇಡುತ್ತೇವೆ, ಇನ್ಸುಲಿನ್ ಇಡುತ್ತೇವೆ, ರಕ್ತ ಯಾಕೆ ಇಡಬಾರದು? ಆದರೆ ಪೊಟ್ಯಾಸಿಯಂ ನೋಡಬೇಕಾದ ರಕ್ತವನ್ನು, ಸಿರಮ್ (ರಕ್ತ ಹೆಪ್ಪುಗಟ್ಟಿದಾಗ ಬೇರೆಯಾಗುವ ತಿಳಿ ದ್ರವ) ಬೇರ್ಪಡಿಸದೆ, ಹಾಗೇ ಗಂಟೆಗಟ್ಟಲೆ ಫ್ರಿಜ್‌ನಲ್ಲಿ ಇಟ್ಟರೆ ವರದಿ ಹಾಳಾಗುತ್ತದೆ. ಲೀಟರಿಗೆ ನಾಲ್ಕೂವರೆ ಮಿಲಿಮೋಲ್ (ಕಣಗಳ ಎಣಿಕೆ ಹೇಳುವ ಅಳತೆ) ಇರಬೇಕಾದದ್ದು ಆರೂವರೆ, ಏಳು ಅಂತ ಬರಬಹುದು. ನಿಜವಾಗಿಯೂ ಅಷ್ಟು ಪೊಟ್ಯಾಸಿಯಂ ಇದ್ದರೆ ಹೃದಯ ಯಾವಾಗ ಬೇಕಾದರೂ ಲಯ ತಪ್ಪಬಹುದು. ಡಾಕ್ಟರಿಗೆ ಗಾಬರಿ, ಮನೆಯವರಿಗೆ ಅದಕ್ಕಿಂತ ಜಾಸ್ತಿ ಗಾಬರಿ. ಮತ್ತೆ ರಕ್ತ ತೆಗೆದು ನೋಡಿದರೆ ನಾಲ್ಕೂವರೆಯೇ ಇರುತ್ತದೆ.

ನಾನು ಲ್ಯಾಬ್ ಟೆಕ್ನಿಷಿಯನ್. ನಮ್ಮ ಲ್ಯಾಬಿಗೆ ಸುತ್ತಲಿನ ತಾಲೂಕುಗಳಿಂದ ಸ್ಯಾಂಪಲ್ ಬರುತ್ತವೆ. ಎಷ್ಟೋ ಸಲ ಐಸ್ ಪ್ಯಾಕ್‌ಗಳ ನಡುವೆ, ಬಸ್ಸಿನಲ್ಲಿ. ರಕ್ತಕಣ ಒಡೆದುಹೋದ ಸ್ಯಾಂಪಲ್ ಆದರೆ ಕಣ್ಣಿಗೇ ಗೊತ್ತಾಗುತ್ತದೆ. ಸಿರಮ್ ಕೆಂಪಾಗಿರುತ್ತದೆ, 'ಹಿಮೊಲೈಸ್ ಆಗಿದೆ, ಬೇರೆ ಕಳಿಸಿ' ಅಂತ ಬರೆದು ವಾಪಸ್ ಕಳಿಸುತ್ತೇವೆ. ಆದರೆ ತಣ್ಣಗಿಟ್ಟ ಸ್ಯಾಂಪಲ್‌ನಲ್ಲಿ ಒಂದು ಕಣವೂ ಒಡೆದಿರಬೇಕಿಲ್ಲ. ಸಿರಮ್ ಹೊಂಬಣ್ಣದಲ್ಲಿ ತಿಳಿಯಾಗಿಯೇ ಇರುತ್ತದೆ. ಕಣಗಳೆಲ್ಲ ಇಡಿಯಾಗಿದ್ದೂ ಒಳಗಿನ ಪೊಟ್ಯಾಸಿಯಂ ಹೊರಗೆ ಬಂದುಬಿಟ್ಟಿರುತ್ತದೆ. ಹೇಗೆ?

ಈ ಪ್ರಶ್ನೆ ಮೊದಲು ದೊಡ್ಡದಾಗಿ ಎದ್ದದ್ದು ರಕ್ತನಿಧಿಗಳಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ರಕ್ತವನ್ನು ತಣ್ಣಗಿಟ್ಟು ಕಾಪಾಡುವ ಪದ್ಧತಿ ಬೆಳೆಯುತ್ತಿತ್ತು. ಬಾಟಲಿಯಲ್ಲಿಟ್ಟ ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳ ಸುತ್ತಲಿನ ದ್ರವದಲ್ಲಿ, ದಿನದಿಂದ ದಿನಕ್ಕೆ ಪೊಟ್ಯಾಸಿಯಂ ಏರುವುದನ್ನು ಗಮನಿಸಿದರು. 1941ರಲ್ಲಿ ಅಮೆರಿಕದ ಸಂಶೋಧಕ ಹ್ಯಾರಿಸ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ತಣ್ಣಗಿಟ್ಟು ಪೊಟ್ಯಾಸಿಯಂ ಕಳೆದುಕೊಂಡ ಕೆಂಪು ರಕ್ತಕಣಗಳನ್ನು ದೇಹದ ಬಿಸಿಗೆ ತಂದು, ಜೊತೆಗೆ ಗ್ಲೂಕೋಸ್ ಕೊಟ್ಟರು. ಕಣಗಳು ಹೊರಗೆ ಹೋಗಿದ್ದ ಪೊಟ್ಯಾಸಿಯಂ ಅನ್ನು ಮತ್ತೆ ಒಳಗೆ ಎಳೆದುಕೊಂಡವು!

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೆಂಪು ರಕ್ತಕಣದ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್ ಇದೆ. ಹೊರಗಿನ ಪ್ಲಾಸ್ಮಾದಲ್ಲಿ ಬರೀ 4 ಅಥವಾ 5. ಸೋಡಿಯಂ ಇದಕ್ಕೆ ಸರಿ ಉಲ್ಟಾ. ಹೊರಗೆ 140, ಒಳಗೆ 10 ಚಿಲ್ಲರೆ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡಿಕೊಳ್ಳುವುದು ಪ್ರತಿಯೊಂದು ವಸ್ತುವಿನ ಸ್ವಭಾವ. ಆ ಲೆಕ್ಕದಲ್ಲಿ ಪೊಟ್ಯಾಸಿಯಂ ಹೊರಗೆ ಹೋಗಬೇಕು, ಸೋಡಿಯಂ ಒಳಗೆ ಬರಬೇಕು. ಫ್ರಿಜ್‌ನಲ್ಲಿ ಆಗುವುದು ಅದೇ. ಹಾಗಾದರೆ ಫ್ರಿಜ್‌ನಲ್ಲಿ ಆಗುತ್ತಿರುವುದು ವಿಶೇಷವೇನಲ್ಲ. ದೇಹದೊಳಗೆ, 37 ಡಿಗ್ರಿಯಲ್ಲಿ, ಅದು ಆಗದೆ ಇರುವುದೇ ವಿಶೇಷ. ಅಲ್ಲಿ ಯಾರೋ ಒಬ್ಬರು ಸೋರಿದ್ದನ್ನೆಲ್ಲ ಮತ್ತೆ ಒಳಗೆ ಹಾಕುತ್ತಿದ್ದಾರೆ. ಅದಕ್ಕೆ ಗ್ಲೂಕೋಸ್ ಖರ್ಚಾಗುತ್ತಿದೆ.

ಬಿರುಬೇಸಿಗೆಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಬಿಸಿ ಜಾಸ್ತಿಯಾದ ಟ್ಯೂಬಿನಲ್ಲಿ ಕಣಗಳು ಇನ್ನೂ ಜೋರಾಗಿ ಕೆಲಸ ಮಾಡಿ, ಸಿರಮ್‌ನ ಪೊಟ್ಯಾಸಿಯಂ ಸ್ವಲ್ಪ ಇಳಿದಂತೆ ತೋರಿಸುತ್ತವೆ. ಟ್ಯೂಬಿನ ಗ್ಲೂಕೋಸ್ ಮುಗಿದ ಮೇಲೆ ಮತ್ತೆ ಏರಲು ಶುರು. ರಕ್ತ ತೆಗೆದ ಮೇಲೂ ಆ ಕಣಗಳು ತಮ್ಮ ಕೆಲಸ ಬಿಟ್ಟಿರುವುದಿಲ್ಲ. ಸಿರಮ್ ಬೇರ್ಪಡಿಸಲು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್‌ಗೆ ಹಾಕುವವರೆಗೂ ನನ್ನ ಕೈಯಲ್ಲಿರುವುದು ಜೀವಂತ ಕೋಶಗಳೇ. ಹೀಗೆ ಯೋಚಿಸಲು ಶುರು ಮಾಡಿದ ಮೇಲೆ ಟ್ಯೂಬ್ ಹಿಡಿಯುವ ರೀತಿಯೇ ಬದಲಾಯಿತು.

ಪಿಯುಸಿ ಪುಸ್ತಕಗಳಲ್ಲಿ ಇದಕ್ಕೆ 'ಸಕ್ರಿಯ ಸಾಗಣೆ' ಅನ್ನುವ ಹೆಸರಿದೆ. ಎರಡು ಅಂಕದ ಪ್ರಶ್ನೆ, ಮೂರು ಸಾಲಿನ ಉತ್ತರ. ಶಕ್ತಿ ಬಳಸಿ, ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ವಸ್ತುಗಳನ್ನು ಸಾಗಿಸುವುದು. ವ್ಯಾಖ್ಯೆ ಸರಿಯಾಗಿಯೇ ಇದೆ. ಆದರೆ ಕೋಶ ಯಾಕೆ ಇಷ್ಟು ಕಷ್ಟಪಡುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಅದನ್ನೇ ಅಂತ ನನ್ನ ಬಲವಾದ ಅಭಿಪ್ರಾಯ.

ಕೋಶದ ಪೊರೆ ಅಂದರೆ ಕೊಬ್ಬಿನ ಎರಡು ಪದರ. ದಪ್ಪ ಸುಮಾರು 7 ನ್ಯಾನೋಮೀಟರ್. ಸೋಡಿಯಂ, ಪೊಟ್ಯಾಸಿಯಂನಂಥ ವಿದ್ಯುತ್ ಅಂಶ ಹೊತ್ತ ಕಣಗಳು ಈ ಕೊಬ್ಬಿನಲ್ಲಿ ನುಸುಳುವುದಿಲ್ಲ. ಆದರೆ ಪೊರೆಯ ತುಂಬ ಪ್ರೋಟೀನಿನ ಬಾಗಿಲುಗಳಿವೆ, ಅವುಗಳ ಮೂಲಕ ಸೋರಿಕೆ ಇದ್ದೇ ಇರುತ್ತದೆ. ಹೊರಗೆ ಹೋಗಲಾರದ ಪ್ರೋಟೀನುಗಳು, ಇನ್ನೂ ಏನೇನೋ ಕೋಶದ ಒಳಗೆ ತುಂಬಿಕೊಂಡಿವೆ. ಅವು ನೀರನ್ನು ಒಳಗೆ ಸೆಳೆಯುತ್ತವೆ. ಅದರ ಮೇಲೆ ಸೋಡಿಯಂ ಕೂಡ ಒಳಗೆ ಬಂದು ಸೇರುತ್ತಾ ಹೋದರೆ ನೀರು ಇನ್ನಷ್ಟು ಬರುತ್ತದೆ. ಗಿಡದ ಕೋಶಕ್ಕೆ ಸುತ್ತ ಗಟ್ಟಿ ಗೋಡೆ ಇದೆ, ಉಬ್ಬಿದರೂ ತಡೆದುಕೊಳ್ಳುತ್ತದೆ. ನಮ್ಮ ಕೋಶಕ್ಕೆ ಗೋಡೆ ಇಲ್ಲ. ಉಬ್ಬಿ ಉಬ್ಬಿ ಒಡೆಯುತ್ತದೆ. ಸೋಡಿಯಂ ಅನ್ನು ಹೊರಗೆ ತಳ್ಳುತ್ತಲೇ ಇರುವುದು ನಮ್ಮ ಕೋಶ ಕೋಶವಾಗಿ ಉಳಿಯಲು ಬೇಕಾದ ಮೊದಲ ಕೆಲಸ. ಉಳಿದದ್ದೆಲ್ಲ ಆಮೇಲೆ.

ಖರ್ಚಿನ ಲೆಕ್ಕ ನೋಡಿದರೆ ಇದು ಗೊತ್ತಾಗುತ್ತದೆ. ಕೋಶದ ಶಕ್ತಿಯ ನಾಣ್ಯ ಎಟಿಪಿ. ಸುಮ್ನೆ ಮಲಗಿರುವಾಗಲೂ ನಮ್ಮ ದೇಹ ಬಳಸುವ ಎಟಿಪಿಯಲ್ಲಿ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ ಈ ಒಂದು ಕೆಲಸಕ್ಕೇ ಹೋಗುತ್ತದೆ ಅಂತ ಅಂದಾಜು. ಮಿದುಳಿನಲ್ಲಿ ಇದು ಇನ್ನೂ ಜಾಸ್ತಿ, ಅರ್ಧದ ಹತ್ತಿರ. ದಿನಕ್ಕೆ ನಾವು ಒಡೆದು ಮತ್ತೆ ಕಟ್ಟುವ ಎಟಿಪಿಯ ತೂಕ ಹೆಚ್ಚೂ ಕಡಿಮೆ ನಮ್ಮ ದೇಹದ ತೂಕದಷ್ಟೇ ಆಗುತ್ತದೆ. ಬೆಳಿಗ್ಗೆ ತಿಂದ ಮುದ್ದೆ, ಅನ್ನ, ರೊಟ್ಟಿಯಲ್ಲಿ ಒಂದು ಪಾಲು ಉಪ್ಪಿನ ಅಂಶವನ್ನು ಆಚೆ ಹಾಕುವುದಕ್ಕೇ ಖರ್ಚಾಗುತ್ತದೆ ಅಂದರೆ ನಂಬುವುದು ಕಷ್ಟ, ಅಲ್ವಾ?

ಶಕ್ತಿ ಬೇಕು ಅನ್ನುವುದನ್ನು ಸ್ಪಷ್ಟವಾಗಿ ತೋರಿಸಿದ್ದು ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಕೀನ್ಸ್. 1955ರಲ್ಲಿ ಅವರು ಸ್ಕ್ವಿಡ್ ಅನ್ನುವ ಸಮುದ್ರಜೀವಿಯ ದಪ್ಪ ನರತಂತುವಿನಿಂದ ಸೋಡಿಯಂ ಎಷ್ಟು ಹೊರಗೆ ಬರುತ್ತದೆ ಅಂತ ಅಳೆದರು. ನಂತರ ಸಯನೈಡ್‌ನಂಥ ವಿಷ ಹಾಕಿ ಶಕ್ತಿಯ ತಯಾರಿಕೆ ನಿಲ್ಲಿಸಿದರು. ಸೋಡಿಯಂ ಹೊರಬರುವುದು ತೀರಾ ಕಡಿಮೆಯಾಯಿತು. ವಿಷ ತೊಳೆದರು, ಮತ್ತೆ ಶುರುವಾಯಿತು. ಶಕ್ತಿ ಬಳಸಿ ಸೋಡಿಯಂ ಅನ್ನು ಹೊರಗೆ ತಳ್ಳುವ ಪಂಪ್ ಒಂದಿದೆ ಅನ್ನುವುದು ಖಾತ್ರಿ. ಆದರೆ ಅದನ್ನು ಯಾರೂ ಕಂಡಿರಲಿಲ್ಲ.

ಕಂಡವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ಅವರು ಪಂಪ್ ಹುಡುಕಲು ಹೊರಟವರೇ ಅಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡಿದ ವೈದ್ಯರು. ಮರಗಟ್ಟಿಸುವ ಚುಚ್ಚುಮದ್ದು ನರದ ಮೇಲೆ ಹೇಗೆ ಕೆಲಸ ಮಾಡುತ್ತದೆ ಅನ್ನುವ ಪ್ರಶ್ನೆ ಹಿಡಿದು ಆರ್ಹಸ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಅದಕ್ಕಾಗಿ ನರದ ಪೊರೆಯಲ್ಲಿರುವ ಒಂದು ಎನ್‌ಜೈಮ್ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಪ್ರೋಟೀನ್) ಬೇಕಿತ್ತು. ಏಡಿಯ ಕಾಲಿನ ನರಗಳನ್ನು ಆರಿಸಿಕೊಂಡರು. ಮೀನುಗಾರರೊಬ್ಬರಿಂದ ಏಡಿ ತರಿಸಿಕೊಂಡು, ಒಂದೊಂದೇ ಕಾಲಿನಿಂದ ನರ ಬಿಡಿಸಿ, ಅರೆದು, ಎಟಿಪಿ ಎಷ್ಟು ಒಡೆಯುತ್ತದೆ ಅಂತ ನೋಡಿದರು. ಸೋಡಿಯಂ ಒಂದೇ ಇದ್ದರೆ ಸ್ವಲ್ಪ ಒಡೆಯುತ್ತಿತ್ತು. ಪೊಟ್ಯಾಸಿಯಂ ಒಂದೇ ಇದ್ದರೆ ಹೆಚ್ಚೇನೂ ಇಲ್ಲ. ಎರಡನ್ನೂ ಸೇರಿಸಿದಾಗ ಒಡೆಯುವ ವೇಗ ಜಿಗಿಯುತ್ತಿತ್ತು. ಈ ಎನ್‌ಜೈಮೇ ಆ ಪಂಪ್ ಇರಬೇಕು ಅಂತ ಅವರಿಗೆ ಹೊಳೆಯಿತು.

1957ರಲ್ಲಿ ಪ್ರಬಂಧ ಬಂತು. ಅದರ ತಲೆಬರಹದಲ್ಲಿ ಪಂಪ್ ಅನ್ನುವ ಮಾತೇ ಇಲ್ಲ. ಅಷ್ಟು ದೊಡ್ಡ ಮಾತು ಹೇಳಲು ಸ್ಕೌ ಹಿಂಜರಿದರು. ಮರುವರ್ಷ ವಿಯೆನ್ನಾದ ಸಮ್ಮೇಳನದಲ್ಲಿ ಅಮೆರಿಕದ ರಾಬರ್ಟ್ ಪೋಸ್ಟ್ ಸಿಕ್ಕರು. ಪೋಸ್ಟ್ ಕೆಲಸ ಮಾಡುತ್ತಿದ್ದದ್ದು ಕೆಂಪು ರಕ್ತಕಣಗಳ ಮೇಲೆ. ಮೂರು ಸೋಡಿಯಂ ಹೊರಗೆ ಹೋದರೆ ಎರಡು ಪೊಟ್ಯಾಸಿಯಂ ಒಳಗೆ ಬರುತ್ತವೆ ಅನ್ನುವ ಲೆಕ್ಕ ಕೊಟ್ಟವರಲ್ಲಿ ಅವರೊಬ್ಬರು. ನಿಮ್ಮ ಎನ್‌ಜೈಮ್ ಅನ್ನು ಊವಬೈನ್ ತಡೆಯುತ್ತದೆಯಾ ಅಂತ ಪೋಸ್ಟ್ ಕೇಳಿದರು. ಊವಬೈನ್ ಅಂದರೆ ಆಫ್ರಿಕಾದ ಬಾಣದ ವಿಷಗಳಲ್ಲಿರುವ ವಸ್ತು. ರಕ್ತಕಣಗಳ ಸೋಡಿಯಂ ಸಾಗಣೆಯನ್ನು ಈ ಜಾತಿಯ ವಿಷಗಳು ನಿಲ್ಲಿಸುತ್ತವೆ ಅಂತ ಸ್ವಿಟ್ಜರ್ಲೆಂಡಿನ ಶಾಟ್ಸ್‌ಮನ್ 1953ರಲ್ಲೇ ತೋರಿಸಿದ್ದರು. ಸ್ಕೌಗೆ ಅದು ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿ ಪರೀಕ್ಷೆ ಮಾಡಿಸಿದರು. ತಡೆಯಿತು. ಏಡಿಯ ನರದ ಎನ್‌ಜೈಮೂ ಮನುಷ್ಯನ ರಕ್ತಕಣದ ಪಂಪೂ ಒಂದೇ ಬಗೆಯವು ಅನ್ನುವುದಕ್ಕೆ ಅಲ್ಲಿ ಪುರಾವೆ ಸಿಕ್ಕಿತು. ಈ ಕೆಲಸಕ್ಕೆ 1997ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಸ್ಕೌ ಅವರಿಗೆ ಬಂತು. ಆಗ ಅವರಿಗೆ ಸುಮಾರು 79 ವರ್ಷ. ಉಳಿದರ್ಧ ಎಟಿಪಿ ಹೇಗೆ ತಯಾರಾಗುತ್ತದೆ ಅಂತ ತಿಳಿಸಿದ ಬೋಯರ್ ಮತ್ತು ವಾಕರ್ ಅವರಿಗೆ. ಎಟಿಪಿಯನ್ನು ಕಟ್ಟುವವರೂ ಅದನ್ನು ಖರ್ಚು ಮಾಡುವವರೂ ಒಂದೇ ವೇದಿಕೆಯಲ್ಲಿ. 2007ರಲ್ಲಿ ಅದೇ ಆರ್ಹಸ್‌ನಲ್ಲಿ ಈ ಪಂಪಿನ ಆಕಾರದ ಚಿತ್ರವೂ ಸಿಕ್ಕಿತು. ಸ್ಕೌ ಅದನ್ನು ನೋಡಲು ಇದ್ದರು, 2018ರವರೆಗೂ ಬದುಕಿದ್ದರು.

ಪಂಪ್ ಅಂದರೆ ಒಂದು ಪ್ರೋಟೀನ್. ಅದರ ಬಾಯಿ ಮೊದಲು ಕೋಶದ ಒಳಬದಿಗೆ ತೆರೆದಿರುತ್ತದೆ. ಮೂರು ಸೋಡಿಯಂ ಬಂದು ಕೂರುತ್ತವೆ. ಎಟಿಪಿ ತನ್ನ ಒಂದು ಫಾಸ್ಫೇಟ್ ತುಂಡನ್ನು ಈ ಪ್ರೋಟೀನಿಗೆ ಅಂಟಿಸುತ್ತದೆ. ಆ ತುಂಡು ಅಂಟಿದೊಡನೆ ಪ್ರೋಟೀನಿನ ಮೈ ತಿರುಚಿ, ಒಳಬಾಯಿ ಮುಚ್ಚಿ, ಹೊರಬಾಯಿ ತೆರೆಯುತ್ತದೆ. ಸೋಡಿಯಂಗಳ ಮೇಲಿನ ಹಿಡಿತ ಸಡಿಲವಾಗಿ ಅವು ಆಚೆ ಹೋಗುತ್ತವೆ. ಈಗ ಎರಡು ಪೊಟ್ಯಾಸಿಯಂ ಬಂದು ಕೂರುತ್ತವೆ. ಫಾಸ್ಫೇಟ್ ಕಳಚುತ್ತದೆ, ಪ್ರೋಟೀನ್ ಮೊದಲಿನ ಆಕಾರಕ್ಕೆ ಮರಳುತ್ತದೆ, ಪೊಟ್ಯಾಸಿಯಂ ಒಳಗೆ ಬೀಳುತ್ತದೆ. ಇಷ್ಟೂ ಆಗಲು ಒಂದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು. ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ, ಎರಡು ಬಾಯಿಗಳೂ ಒಟ್ಟಿಗೆ ತೆರೆಯುವುದಿಲ್ಲ ಅನ್ನುವುದು. ಒಂದು ಗಳಿಗೆ ಎರಡೂ ತೆರೆದರೆ ಸಾಗಿಸಿದ್ದೆಲ್ಲ ವಾಪಸ್ ಹರಿದುಹೋಗುತ್ತದೆ.

ಮೂರು ಹೊರಗೆ, ಎರಡು ಒಳಗೆ ಅನ್ನುವ ಈ ವ್ಯತ್ಯಾಸ, ಜೊತೆಗೆ ಪೊಟ್ಯಾಸಿಯಂ ಸ್ವಲ್ಪ ಸ್ವಲ್ಪ ಸೋರುವುದು, ಇವೆರಡರಿಂದ ಪೊರೆಯ ಆಚೆ ಈಚೆ ವೋಲ್ಟೇಜ್ ಹುಟ್ಟುತ್ತದೆ. ನರಕೋಶದಲ್ಲಿ ಅದು ಸುಮಾರು 70 ಮಿಲಿವೋಲ್ಟ್. ಕಡಿಮೆ ಅನಿಸುತ್ತದೆ. ಆದರೆ ಪೊರೆಯ ದಪ್ಪ ಬರೀ 7 ನ್ಯಾನೋಮೀಟರ್. ಲೆಕ್ಕ ಹಾಕಿದರೆ ಮೀಟರಿಗೆ ಒಂದು ಕೋಟಿ ವೋಲ್ಟ್! ಒಣ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಈ ಸಾಲು ಓದುತ್ತಿರುವ ನಿಮ್ಮ ಮಿದುಳಿನ ಪ್ರತಿಯೊಂದು ಕೋಶದ ಪೊರೆಯೂ ಇಂಥ ಸೆಳೆತವನ್ನು ತಡೆದುಕೊಂಡು ಕೂತಿದೆ.

ಬಾಣದ ವಿಷದ ವಿಷಯಕ್ಕೆ ಬಂದರೆ, ಅದೇ ಬಗೆಯ ವಿಷ ನಮ್ಮ ಮನೆಯಂಗಳದಲ್ಲೂ ಇದೆ. ದೇವರ ಪೂಜೆಗೆ ಕೀಳುವ ಕಣಗಿಲೆ, ಬೇಲಿಯಲ್ಲಿ ಬೆಳೆಯುವ ಹಳದಿ ಕಣಗಿಲೆ, ರಸ್ತೆ ಬದಿಯ ಎಕ್ಕ, ಮೂರೂ ಇದೇ ಪಂಪನ್ನು ಹಿಡಿದು ನಿಲ್ಲಿಸುವ ವಸ್ತುಗಳನ್ನು ಹೊಂದಿವೆ. ಹಳದಿ ಕಣಗಿಲೆಯ ಬೀಜ ಹೊಟ್ಟೆಗೆ ಹೋದರೆ ಹೃದಯದ ಬಡಿತ ಕೆಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಪಂಪ್ ನಿಂತ ಕೋಶಗಳಿಂದ ಅದು ಹೊರಗೆ ಬರುತ್ತಿರುತ್ತದೆ. ಅಂಥವರ ರಕ್ತದಲ್ಲಿ ಕಾಣುವ ಏಳು ನಿಜವಾದ ಏಳು. ಮಕ್ಕಳು ಆಡುವ ಜಾಗದಲ್ಲಿ ಈ ಗಿಡ ಇದ್ದರೆ ಅವರಿಗೆ ಹೇಳಿಡಿ. ಬಾಯಿಗೆ ಹೋಯಿತು ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೊರಡಿ.

ಇದೇ ವಿಷದ ಸಣ್ಣ ಪ್ರಮಾಣ ಔಷಧಿಯೂ ಹೌದು. ಫಾಕ್ಸ್‌ಗ್ಲೋವ್ ಗಿಡದ ಎಲೆಯ ಬಗ್ಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಬರೆದಿದ್ದರು. ಆ ಜಾತಿಯ ಗಿಡದಿಂದ ಬರುವ ಡಿಗಾಕ್ಸಿನ್ ಮಾತ್ರೆಯನ್ನು ಇವತ್ತಿಗೂ ಹೃದಯದ ಕೆಲವು ತೊಂದರೆಗಳಿಗೆ ಕೊಡುತ್ತಾರೆ. ಅದು ಪಂಪನ್ನು ಸ್ವಲ್ಪ ಮಾತ್ರ ತಡೆಯುತ್ತದೆ. ಹೃದಯದ ಕೋಶದೊಳಗೆ ಸೋಡಿಯಂ ಒಂದಿಷ್ಟು ಏರುತ್ತದೆ. ಅದರಿಂದ ಕ್ಯಾಲ್ಸಿಯಂ ಹೊರಗೆ ಹೋಗುವುದು ತಗ್ಗುತ್ತದೆ. ಒಳಗೆ ಉಳಿದ ಕ್ಯಾಲ್ಸಿಯಂನಿಂದ ಹೃದಯ ಗಟ್ಟಿಯಾಗಿ ಹಿಂಡುತ್ತದೆ. ಗುಣ ಕೊಡುವ ಪ್ರಮಾಣಕ್ಕೂ ಕೆಡಿಸುವ ಪ್ರಮಾಣಕ್ಕೂ ಇಲ್ಲಿ ಅಂತರ ತೀರಾ ಕಡಿಮೆ. ಅದಕ್ಕೇ ಈ ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ, ಕಿಡ್ನಿ ಪರೀಕ್ಷೆಗಳನ್ನು ಬಿಡದೆ ಮಾಡಿಸುತ್ತಾರೆ.

ಎಕ್ಕದ ಎಲೆ ತಿಂದು ಬೆಳೆಯುವ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳುಗಳನ್ನು ನೀವು ನೋಡಿರಬಹುದು. ಕಪ್ಪು, ಬಿಳಿ, ಹಳದಿ ಪಟ್ಟೆಯವು. ಅದರ ನಂಟ ಮೊನಾರ್ಕ್ ಚಿಟ್ಟೆ ಅಮೆರಿಕದಲ್ಲಿ ಎಕ್ಕದ ಕುಟುಂಬದ್ದೇ ಆದ ಗಿಡ ತಿಂದು ಬೆಳೆಯುತ್ತದೆ. ಮೊನಾರ್ಕ್‌ನ ಪಂಪ್ ಪ್ರೋಟೀನಿನಲ್ಲಿ ಕೆಲವೇ ಕೆಲವು ಕೊಂಡಿಗಳು ಬೇರೆ, ಹಾಗಾಗಿ ವಿಷ ಅಲ್ಲಿ ಹಿಡಿತ ಸಿಗದೆ ಜಾರುತ್ತದೆ. 2019ರಲ್ಲಿ ವಿಜ್ಞಾನಿಗಳು ಹಣ್ಣಿನ ನೊಣದ ಪಂಪಿನಲ್ಲಿ ಮೊನಾರ್ಕ್‌ನ ಮೂರು ಬದಲಾವಣೆಗಳನ್ನು ಮಾಡಿ ನೋಡಿದರು. ಆ ನೊಣಗಳೂ ವಿಷವನ್ನು ತಾಳಿಕೊಂಡವು.

ಇಲ್ಲಿಯವರೆಗೆ ಹೇಳಿದ್ದು ಖರ್ಚಿನ ಕಥೆ. ಆ ಖರ್ಚಿನಿಂದ ಕೂಡಿಟ್ಟದ್ದನ್ನು ಕೋಶ ಹೇಗೆ ಬಳಸುತ್ತದೆ ಅನ್ನುವುದು ನನಗೆ ಅದಕ್ಕಿಂತ ದೊಡ್ಡ ವಿಷಯ. ಕರೆಂಟ್ ಇದ್ದಾಗ ಮೋಟಾರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸುತ್ತೇವೆ. ಆಮೇಲೆ ಕರೆಂಟ್ ಇಲ್ಲದಿದ್ದರೂ ಎಲ್ಲಾ ನಲ್ಲಿಗಳಲ್ಲೂ ನೀರು ಬರುತ್ತದೆ. ಹಾಗೇ, ಹೊರಗೆ ಕೂಡಿಟ್ಟ ಸೋಡಿಯಂ ಒಳಗೆ ನುಗ್ಗಲು ಸದಾ ತಯಾರಾಗಿರುತ್ತದೆ. ಆ ನುಗ್ಗುವ ಬಲವನ್ನೇ ಹಿಡಿದು ಬೇರೆ ಬೇರೆ ಪ್ರೋಟೀನುಗಳು ಬೇರೆ ಬೇರೆ ಸಾಮಾನು ಸಾಗಿಸುತ್ತವೆ. ಇವು ಎಟಿಪಿಯನ್ನು ಮುಟ್ಟುವುದೇ ಇಲ್ಲ. ಹೃದಯದಲ್ಲಿ ಕ್ಯಾಲ್ಸಿಯಂ ಹೊರಗೆ ಹೋಗುವುದೂ ಹೀಗೇ.

ಕರುಳಿನ ಕೋಶದಲ್ಲಿ ಗ್ಲೂಕೋಸ್ ಒಳಗೆ ಬರುವುದೂ ಹೀಗೆಯೇ. ಅಲ್ಲಿನ ಒಂದು ಬಾಗಿಲಿನಲ್ಲಿ ಎರಡು ಸೋಡಿಯಂ, ಒಂದು ಗ್ಲೂಕೋಸ್ ಜೋಡಿಯಾಗಿ ಬಂದರೆ ಮಾತ್ರ ಪ್ರವೇಶ. 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಈ ವಿಚಾರ ಮುಂದಿಟ್ಟರು. ಕೋಶದ ಇನ್ನೊಂದು ಬದಿಯಲ್ಲಿ, ರಕ್ತದ ಕಡೆಗೆ, ನಮ್ಮ ಪಂಪ್ ಕೂತು ಬಂದ ಸೋಡಿಯಂ ಅನ್ನು ಆಚೆ ಹಾಕುತ್ತಿರುತ್ತದೆ. ಅದು ನಿಂತರೆ ಈ ಬಾಗಿಲೂ ನಿಂತಂತೆ. ಕಿಡ್ನಿಯಲ್ಲೂ ಇಂಥದ್ದೇ ಬಾಗಿಲುಗಳು ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸ್ ಮೂತ್ರಕ್ಕೆ ಹೋಗದಂತೆ ವಾಪಸ್ ತರುತ್ತವೆ. ಇತ್ತೀಚೆಗೆ ಸಕ್ಕರೆ ಕಾಯಿಲೆಗೆ ಬಹಳ ಜನ ತೆಗೆದುಕೊಳ್ಳುವ ಡಾಪಾಗ್ಲಿಫ್ಲೋಜಿನ್ ಮಾತ್ರೆ ಆ ಬಾಗಿಲನ್ನೇ ಮುಚ್ಚುತ್ತದೆ.

ಕಾಲರಾ ಬಂದಾಗ ಏನಾಗುತ್ತದೆ? ಅದರ ವಿಷ ಕರುಳಿನ ಕೋಶದ ಕ್ಲೋರೈಡ್ ದಾರಿಯನ್ನು ತೆರೆದೇ ಇಟ್ಟುಬಿಡುತ್ತದೆ. ಕ್ಲೋರೈಡ್ ಹಿಂದೆ ಸೋಡಿಯಂ, ಅದರ ಹಿಂದೆ ನೀರು, ಲೀಟರುಗಟ್ಟಲೆ ಹೊರಗೆ ಹೋಗುತ್ತದೆ. ಬರೀ ನೀರು ಕುಡಿಸಿದರೆ ನಿಲ್ಲುವುದಿಲ್ಲ. ಬರೀ ಉಪ್ಪುನೀರು ಕೊಟ್ಟರೂ ಅಷ್ಟೇ. ಆದರೆ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯ ಬಾಗಿಲನ್ನು ಕಾಲರಾ ಮುಟ್ಟುವುದಿಲ್ಲ. ಉಪ್ಪು, ಗ್ಲೂಕೋಸ್ ಒಟ್ಟಿಗೆ ಕೊಟ್ಟರೆ ಎರಡೂ ಒಳಗೆ ಹೋಗುತ್ತವೆ, ನೀರೂ ಅವುಗಳ ಜೊತೆ ಹೋಗುತ್ತದೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ಕಾಲರಾ ರೋಗಿಗಳಲ್ಲಿ ತೋರಿಸಿದರು. ದೊಡ್ಡ ಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾದೇಶದ ಯುದ್ಧ ತಪ್ಪಿಸಿಕೊಂಡು ಬಂದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬಂಗಾಂವ್ ತುಂಬಿಹೋಗಿತ್ತು. ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಮಾಡಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಶೇ. 30ರ ಹತ್ತಿರ ಇದ್ದ ಸಾವಿನ ಪ್ರಮಾಣ ಅವರ ಶಿಬಿರದಲ್ಲಿ ಶೇ. 3.6ಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ. ಅವರಿದ್ದಾಗಲೇ ಕೊಡಬೇಕಿತ್ತು ಅನ್ನುವ ಬೇಸರ ನನಗೆ ಇನ್ನೂ ಇದೆ.

ಓಆರ್‌ಎಸ್ ಪ್ಯಾಕೆಟ್ ಅಂದರೆ ಇದೇ ವಿದ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇದೆ. ಇದನ್ನು ಮಿಲಿಮೋಲ್ ಲೆಕ್ಕಕ್ಕೆ ತಂದರೆ ಸೋಡಿಯಂ 75, ಗ್ಲೂಕೋಸೂ 75. ಮಗುವಿಗೆ ರುಚಿಯಾಗಲಿ ಅಂತ ಇನ್ನೆರಡು ಚಮಚ ಸಕ್ಕರೆ ಹಾಕಿದರೆ ಈ ಸಮ ಕೆಡುತ್ತದೆ. ಹೀರಿಕೊಳ್ಳದೆ ಉಳಿದ ಸಕ್ಕರೆ ನೀರನ್ನು ಕರುಳಿಗೇ ಎಳೆದು, ಭೇದಿ ಜಾಸ್ತಿ ಮಾಡುತ್ತದೆ. ಅಂಗಡಿಯ ಹಣ್ಣಿನ ರುಚಿಯ ಪಾನೀಯಗಳ ತೊಂದರೆಯೂ ಇದೇ. ಸಕ್ಕರೆ ಜಾಸ್ತಿ, ಸೋಡಿಯಂ ಕಡಿಮೆ. ಅಂಥವು ಎಷ್ಟೋ ವರ್ಷ ಡಬ್ಬದ ಮೇಲೆ ಓಆರ್‌ಎಸ್ ಅನ್ನುವ ಅಕ್ಷರ ಹಾಕಿಕೊಂಡು ಔಷಧಿ ಅಂಗಡಿಗಳಲ್ಲೇ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸುವುದನ್ನು ನಿಲ್ಲಿಸಲು ಆದೇಶ ಹೊರಡಿಸಿತು.

ಮನೆಯಲ್ಲಿ ಒಂದೆರಡು ಪ್ಯಾಕೆಟ್ ಇಟ್ಟುಕೊಳ್ಳಿ. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯಾ ನೋಡಿ. ಕೆಲವು ಪ್ಯಾಕೆಟ್ ಒಂದು ಲೀಟರಿಗೆ, ಕೆಲವು ಸಣ್ಣವು ಒಂದು ಲೋಟ ನೀರಿಗೆ. ಪ್ಯಾಕೆಟಿನ ಹಿಂಬದಿ ಓದಿ, ಅಷ್ಟೇ ನೀರಿಗೆ, ಪೂರ್ತಿ ಪುಡಿ ಹಾಕಿ. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಬೆರೆಸಬೇಡಿ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಕಣ್ಣು ಗುಳಿ ಬಿದ್ದರೆ, ಮಗು ಮಂಕಾದರೆ, ಕುಡಿಯಲು ಆಗದೆ ಹೋದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಾರಿಯುದ್ದಕ್ಕೂ ಆದಷ್ಟು ಚಮಚದಲ್ಲಿ ಕೊಡುತ್ತಿರಿ. ಬೆರೆಸಿದ್ದು 24 ಗಂಟೆ ಆದ ಮೇಲೆ ಉಳಿದರೆ ಚೆಲ್ಲಿ, ಹೊಸದು ಮಾಡಿಕೊಳ್ಳಿ.